19 ವಾರ ಆಯಿತು, ಮಗು ಇನ್ನೂ ಮಿಸುಕಿಲ್ಲ. ನಿಮಗೆಲ್ಲ ಐದನೇ ತಿಂಗಳು ಹೇಗಿತ್ತು?

ಮೊದಲಮಳೆ
ಎಲ್ಲರಿಗೂ ನಮಸ್ಕಾರ. ಇದು ನನ್ನ ಮೊದಲ ಬಸಿರು. ನಿನ್ನೆಗೆ 19 ವಾರ ತುಂಬಿತು. ಊರು ದಾವಣಗೆರೆ, ಕೆಲಸ ಬೆಂಗಳೂರಿನಲ್ಲಿ. ಸದ್ಯಕ್ಕೆ ಅತ್ತೆ ನಮ್ಮ ಜೊತೆಗೇ ಇದ್ದಾರೆ.

ಮೊದಲ ಮೂರು ತಿಂಗಳು ನಾನು ಬದುಕಿದ್ದೇ ಒಣ ಬ್ರೆಡ್ಡು ಮತ್ತು ಮಜ್ಜಿಗೆಯಲ್ಲಿ. ಒಗ್ಗರಣೆ ವಾಸನೆ ಬಂದರೆ ಸಾಕು, ಬಾಲ್ಕನಿಗೆ ಓಡುತ್ತಿದ್ದೆ. 15ನೇ ವಾರದಲ್ಲಿ ಒಂದು ಬೆಳಗ್ಗೆ ಎದ್ದರೆ ವಾಂತಿ ಇಲ್ಲ, ತಲೆಸುತ್ತಿಲ್ಲ, ಬರೀ ಹಸಿವು. ಅವತ್ತು ಮೂರು ಮಸಾಲೆ ದೋಸೆ ತಿಂದೆ. ಆಮೇಲಿಂದ ಆರಾಮಾಗಿದ್ದೇನೆ. ಈಗ ಆರಾಮಾಗಿರುವುದೇ ಭಯ. ಏನೂ ಆಗುತ್ತಿಲ್ಲವಲ್ಲ, ಒಳಗೆ ಎಲ್ಲ ಸರಿ ಇದೆಯಾ ಅಂತ.

ಮಗು ಮಿಸುಕುವುದು ನನಗೆ ಇನ್ನೂ ಗೊತ್ತಾಗಿಲ್ಲ. ನನ್ನ ವಾರಗಿತ್ತಿಗೆ "ಐದರಲ್ಲಿ ಬಿದ್ದ ಕೂಡಲೇ" ಒದೆಯಲು ಶುರುವಾಗಿತ್ತಂತೆ. ದಿನಕ್ಕೆ ಎರಡು ಸಲ ಫೋನ್ ಮಾಡಿ "ಆಡ್ತಾ?" ಅಂತ ಕೇಳುತ್ತಾರೆ. ಇದರ ಜೊತೆಗೆ ಬೆಳಗ್ಗೆ ಮೂಗು ಸೀಟಿದರೆ ಸ್ವಲ್ಪ ರಕ್ತ, ಹಲ್ಲುಜ್ಜುವಾಗಲೂ ರಕ್ತ.

ಇನ್ನು ಮನೆಯ ಜಗಳ. ಐರನ್ ಮಾತ್ರೆ ತಿಂದರೆ ಮಗು ಕಪ್ಪಾಗುತ್ತದೆ, ಮೇಲಾಗಿ ದಪ್ಪ ಬೆಳೆದು ಹೆರಿಗೆ ಕಷ್ಟವಾಗುತ್ತದೆ ಅಂತ ಅತ್ತೆಯ ಹಟ. ಕೆಟ್ಟವರಲ್ಲ, ನನಗಾಗಿ ಬೆಳಗ್ಗೆ 5ಕ್ಕೇ ಎದ್ದು ರಾಗಿ ಗಂಜಿ ಕಾಯಿಸುತ್ತಾರೆ. ಆದರೆ ಫ್ರಿಡ್ಜ್ ಮೇಲಿದ್ದ ಮಾತ್ರೆ ಡಬ್ಬಿ ಮೂರು ದಿನದಿಂದ ಕಾಣುತ್ತಿಲ್ಲ.

ಮುಂದಿನ ತಿಂಗಳು ಶಿರಸಿಯಲ್ಲಿ ಗೆಳತಿಯ ಮದುವೆ. ಸುಮಾರು 400 ಕಿಲೋಮೀಟರು. ಹೋಗಬಹುದಾ?

"ಡಾಕ್ಟರನ್ನು ಕೇಳಿ" ಅನ್ನಬೇಡಿ, ಕೇಳುತ್ತೇನೆ. ಮಂಗಳವಾರ ಅನಾಮಲಿ ಸ್ಕ್ಯಾನ್ ಇದೆ, ಮಗುವಿನ ಅಂಗಾಂಗ ಎಲ್ಲ ಸರಿ ಇದೆಯಾ ಅಂತ ನೋಡುವುದು. ಅಲ್ಲಿಯವರೆಗೆ ನಿದ್ದೆ ಬರಬೇಕಲ್ಲ.

ಬಸ್ಸಾರುಪ್ರಿಯೆ
ಮೂರು ಮಸಾಲೆ ದೋಸೆ ಒಳಗೆ ಹೋಗಿದೆ ಅಂದರೆ ನೀವು ಚೆನ್ನಾಗಿದ್ದೀರಿ. ಮುಂದಿನ ಪ್ರಶ್ನೆ.

ಕರಾವಳಿಕಾಕಿ
ನನಗೆ ಮೊದಲನೆಯದರಲ್ಲಿ 21 ವಾರ ಆಗುವವರೆಗೂ ಏನೂ ಗೊತ್ತಾಗಿರಲಿಲ್ಲ. ಎರಡನೆಯದರಲ್ಲಿ 17ಕ್ಕೇ ಗೊತ್ತಾಯಿತು. ಮಗು ಬೇಗ ಆಡಿದ್ದಲ್ಲ, ನನಗೆ ಗುರುತು ಸಿಕ್ಕಿದ್ದು ಬೇಗ. ಮೊದಲ ಸಲ ಅದು ಒದೆತ ಅಂತಲೇ ಅನಿಸುವುದಿಲ್ಲ. ಹಿಂದಿನ ದಿನ ಕಡಲೆ ಉಸಲಿ ತಿಂದಿದ್ದೆ, ಗ್ಯಾಸ್ ಅಂದುಕೊಂಡು ಓಮಿನ ನೀರು ಕುಡಿದೆ. ನಾಲ್ಕು ದಿನ ಓಮಿನ ನೀರು! ಬಕೆಟ್ ನೀರಿನಲ್ಲಿ ಸಣ್ಣ ಮೀನು ಬಾಲ ಹೊಡೆದ ಹಾಗೆ, ಅಷ್ಟೇ. ಊಟ ಆದ ಮೇಲೆ ಎಡ ಮಗ್ಗುಲಿಗೆ ಮಲಗಿ ಸುಮ್ನೆ ಇರಿ. ಓಡಾಡುವಾಗ ಗೊತ್ತಾಗದ್ದು ಆಗ ಗೊತ್ತಾಗುತ್ತದೆ.

ನಿವೃತ್ತಸಿಸ್ಟರ್
ನಾನು 31 ವರ್ಷ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನರ್ಸ್ ಆಗಿದ್ದೆ. ಮೊದಲು ನಿಮ್ಮ ವಾರಗಿತ್ತಿಯ ವಿಷಯ ಮುಗಿಸೋಣ.

"ಐದರಲ್ಲಿ ಬಿದ್ದಿದೆ" ಅನ್ನುವ ಮಾತಿನಷ್ಟು ಗೊಂದಲ ನಾನು ಬೇರೆಲ್ಲೂ ನೋಡಿಲ್ಲ. ಡಾಕ್ಟರು ಲೆಕ್ಕ ಹಾಕುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ, 40 ವಾರ, 280 ದಿನ. ಮನೆಯಲ್ಲಿ ಕೆಲವರು ನಾಲ್ಕು ವಾರಕ್ಕೊಂದು ತಿಂಗಳು ಅಂತಾರೆ, ಕೆಲವರು ಕ್ಯಾಲೆಂಡರ್ ನೋಡುತ್ತಾರೆ, ಕೆಲವರು ಮುಟ್ಟು ತಪ್ಪಿದ ತಿಂಗಳಿಂದ ಎಣಿಸುತ್ತಾರೆ. ಹಾಗಾಗಿ "ಐದರಲ್ಲಿ" ಅಂದರೆ 16ನೇ ವಾರವೂ ಆಗಬಹುದು, 21ನೇ ವಾರವೂ ಆಗಬಹುದು. ಮೊದಲ ಬಸಿರಿನಲ್ಲಿ ಸಾಮಾನ್ಯವಾಗಿ 18ರಿಂದ 20 ವಾರದ ಹೊತ್ತಿಗೆ ಗೊತ್ತಾಗುತ್ತದೆ, ಕೆಲವರಿಗೆ ಇನ್ನೂ ಸ್ವಲ್ಪ ತಡ. 24 ವಾರ ಆದರೂ ಏನೂ ಗೊತ್ತಾಗದಿದ್ದರೆ ತೋರಿಸಲೇಬೇಕು. ನಿಮಗೆ ಈಗ 19. ಫೋನ್ ಬಂದಾಗ "ಆಡ್ತಿದೆ ಅಕ್ಕಾ" ಅಂದುಬಿಡಿ, ಪಾಪವೇನಿಲ್ಲ.

ಮೂಗಿನ ರಕ್ತ, ಒಸಡಿನ ರಕ್ತ ಈ ಹೊತ್ತಿನಲ್ಲಿ ಬಹಳ ಜನಕ್ಕೆ ಬರುತ್ತದೆ. ಮೈಯಲ್ಲಿ ರಕ್ತದ ಪ್ರಮಾಣವೇ ಏರಿರುತ್ತದೆ, ಮೂಗಿನ ಸಣ್ಣ ನಾಳಗಳು ಉಬ್ಬಿರುತ್ತವೆ. ಮೆತ್ತನೆ ಬ್ರಷ್ ತಗೊಳ್ಳಿ, ಮೂಗು ಜೋರಾಗಿ ಸೀಟಬೇಡಿ. ರಕ್ತ ಬಂದರೆ ಸ್ವಲ್ಪ ಮುಂದಕ್ಕೆ ಬಾಗಿ ಕುಳಿತು ಮೂಗಿನ ಮೆತ್ತನೆ ಭಾಗ ಹತ್ತು ಹದಿನೈದು ನಿಮಿಷ ಒತ್ತಿ ಹಿಡಿಯಿರಿ. ತಲೆ ಹಿಂದಕ್ಕೆ ಎತ್ತಬೇಡಿ. ಆಗಲೂ ನಿಲ್ಲದಿದ್ದರೆ ಆಸ್ಪತ್ರೆ.

ಐರನ್ ವಿಷಯ ಉದ್ದ ಇದೆ. ಸಂಜೆ ಬರೆಯುತ್ತೇನೆ, ಕರೆಂಟ್ ಹೋಗುತ್ತಿದೆ.

ನೇರಮಾತು
ಇದೆಲ್ಲ ಮಾತ್ರೆ ಕಂಪನಿಗಳ ವ್ಯಾಪಾರ. ನಮ್ಮ ಅಜ್ಜಿಯರು ಹತ್ತು ಹತ್ತು ಹೆತ್ತರು. ಯಾವ ಸ್ಕ್ಯಾನು, ಯಾವ ಮಾತ್ರೆ ಇತ್ತು?

ಹುಬ್ಬಳ್ಳಿಅವ್ವ
ನಮ್ಮ ಅಜ್ಜಿ ಹೆತ್ತದ್ದು ಹನ್ನೊಂದು. ಉಳಿದದ್ದು ಆರು. ಆಕೆಯ ತಂಗಿ ಮೂರನೇ ಬಾಣಂತನದಾಗ ರಕ್ತ ಹೋಗಿ ತೀರಿಕೊಂಡಳು. ಅಜ್ಜಿಯರ ಲೆಕ್ಕ ಹೇಳುವಾಗ ಪೂರ್ತಿ ಲೆಕ್ಕ ಹೇಳಬೇಕು ತಮ್ಮಾ.

ಬಸ್ಸಾರುಪ್ರಿಯೆ
👆 ಇದಕ್ಕೆ ಮೇಲೆ ಮಾತಿಲ್ಲ.

ನೇರಮಾತು
ನಾನು ಹೇಳಿದ್ದು ಊಟದಲ್ಲೇ ಎಲ್ಲ ಸಿಗುತ್ತದೆ ಅಂತ. ನುಗ್ಗೆಸೊಪ್ಪು, ರಾಗಿ, ಬೆಲ್ಲ ತಿಂದರೆ ಸಾಕಲ್ವಾ?

ನಿವೃತ್ತಸಿಸ್ಟರ್
ಕರೆಂಟ್ ಬಂತು.

ನೇರಮಾತು ಅವರೇ, ಸೊಪ್ಪು ತಿನ್ನಲಿ, ಖಂಡಿತ ತಿನ್ನಲಿ. ಆದರೆ ಸಾಕಾಗುವುದಿಲ್ಲ. ಮನೆಗೆ ಹಠಾತ್ತಾಗಿ ನೆಂಟರು ಬಂದರೆ ಸಾರಿಗೆ ನೀರು ಬೆರೆಸುತ್ತೇವಲ್ಲ, ಬಸುರಿಯ ಮೈ ಮಾಡುವುದೂ ಅದನ್ನೇ. ರಕ್ತದ ನೀರಿನ ಭಾಗ ಬೇಗ ಏರುತ್ತದೆ, ಕೆಂಪು ಕಣಗಳು ಅಷ್ಟು ಬೇಗ ಏರುವುದಿಲ್ಲ. ಸಾರು ತೆಳ್ಳಗಾಗುತ್ತದೆ. ಅದಕ್ಕೇ ಮೂರನೇ ತಿಂಗಳಲ್ಲಿ 12 ಇದ್ದ ಹಿಮೋಗ್ಲೋಬಿನ್ ಆರನೇ ತಿಂಗಳಿಗೆ 10.5 ಆಗಿರುತ್ತದೆ. ಬಸುರಿಯಲ್ಲಿ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತಲೇ ಲೆಕ್ಕ. ಇದರ ಮೇಲೆ ಮಗುವೂ ತನ್ನ ಪಾಲು ಎಳೆದುಕೊಳ್ಳುತ್ತದೆ.

ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದು, 180 ದಿನ. ಹೆರಿಗೆಯಾದ ಮೇಲೆ ಮತ್ತೆ 180 ದಿನ. ಜೊತೆಗೆ ಕ್ಯಾಲ್ಸಿಯಂ. ಇವೆರಡನ್ನೂ ಒಟ್ಟಿಗೆ ನುಂಗಬೇಡಿ, ಕನಿಷ್ಠ ಎರಡು ಗಂಟೆ ಅಂತರ ಇರಲಿ. ಕ್ಯಾಲ್ಸಿಯಂ ಊಟದ ಜೊತೆ. ಐರನ್ ಊಟವಾಗಿ ಒಂದು ಗಂಟೆ ಬಿಟ್ಟು, ನಿಂಬೆ ಪಾನಕದ ಜೊತೆ ಆದರೆ ಇನ್ನೂ ಒಳ್ಳೆಯದು. ಹಾಲು, ಕಾಫಿ, ಟೀ ಜೊತೆ ಬೇಡವೇ ಬೇಡ, ಅರ್ಧ ಐರನ್ ವ್ಯರ್ಥ.

ಕಪ್ಪು ಬಣ್ಣದ ಕಥೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಮಾತ್ರೆ ತಿಂದರೆ ಮಲ ಕಪ್ಪಾಗುತ್ತದೆ. ಅದನ್ನು ನೋಡಿ ಮಗುವೂ ಕಪ್ಪಾಗುತ್ತದೆ ಅಂದುಕೊಂಡರು. ನಾನು ಹಳ್ಳಿಗೆ ಹೋದಾಗ ಎಷ್ಟೋ ಮನೆಗಳಲ್ಲಿ ಮಾತ್ರೆ ಹಾಸಿಗೆ ಕೆಳಗೆ, ಅಕ್ಕಿ ಡಬ್ಬದಲ್ಲಿ, ಒಂದು ಮನೆಯಲ್ಲಂತೂ ತುಳಸಿ ಕಟ್ಟೆಯ ಮಣ್ಣಿನಲ್ಲಿ ಸಿಕ್ಕಿದೆ. ತುಳಸಿ ಮಾತ್ರ ಚೆನ್ನಾಗಿ ಬೆಳೆದಿತ್ತು.

ಮೊದಲಮಳೆ
ಸಿಸ್ಟರ್, ನಗು ತಡೆಯಲಾಗಲಿಲ್ಲ. ನಮ್ಮ ಬಾಲ್ಕನಿ ತುಳಸಿ ಪಾಟ್ ನೋಡಿ ಬಂದೆ. ಅಲ್ಲಿಲ್ಲ.

ಕಾಫಿಕಣಿವೆ
ಚಿಕ್ಕಮಗಳೂರಿನವಳು ನಾನು. ಕಾಫಿಯನ್ನು ಹೀಗೆ ಅಪರಾಧಿ ಮಾಡಬೇಡಿ. ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ಒಳಗೆ ಇದ್ದರೆ ತೊಂದರೆ ಇಲ್ಲ ಅಂತ ನನ್ನ ಡಾಕ್ಟರೇ ಹೇಳಿದ್ದು. ಫಿಲ್ಟರ್ ಕಾಫಿ ಎರಡು ಸಣ್ಣ ಲೋಟ, ಡಿಕಾಕ್ಷನ್ ಕಡಿಮೆ, ಹಾಲು ಜಾಸ್ತಿ. ನಾನು ಎರಡು ಬಸಿರು ಹಾಗೇ ಕಳೆದೆ.

ನಿವೃತ್ತಸಿಸ್ಟರ್
ಕುಡಿಯಿರಿ ತಾಯಿ. ಮಾತ್ರೆಯ ಹತ್ತಿರ ಮಾತ್ರ ತರಬೇಡಿ.

ಗೌರಿಪುತ್ರಿ
ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗೆ ಹುಟ್ಟುತ್ತದೆ ಅನ್ನುವುದೂ ಹೀಗೇನಾ? ನಮ್ಮ ಚಿಕ್ಕಮ್ಮ ಒಂದು ಗ್ರಾಂ ಡಬ್ಬಿಗೆ ಎಷ್ಟೋ ದುಡ್ಡು ಕೊಟ್ಟು ತಂದಿದ್ದಾರೆ.

ಬಸ್ಸಾರುಪ್ರಿಯೆ
ಕೇಸರಿಬಾತಿಗೆ ಹಾಕಿ. ಮಗುವಿನ ಬಣ್ಣ ಅಪ್ಪ ಅಮ್ಮನಿಂದ ಬರುವುದು, ಡಬ್ಬಿಯಿಂದ ಅಲ್ಲ. ಅಲ್ಲದೆ ಕಪ್ಪಾದರೆ ಏನೀಗ? ಈ ದೇಶದಲ್ಲಿ ಮಗು ಹುಟ್ಟುವ ಮೊದಲೇ ಬಣ್ಣದ ಚಿಂತೆ. ಇದೊಂದು ನನಗೆ ಸಿಟ್ಟು ಬರಿಸುತ್ತದೆ.

ಮಂಡ್ಯಮಗ
ಗಂಡಸರು ಇಲ್ಲಿ ಬರೆಯಬಹುದಾ? ನನ್ನ ಹೆಂಡತಿಗೆ 23 ವಾರ. ರಾತ್ರಿ ಮೂರು ಗಂಟೆಗೆ ಮೀನಖಂಡ ಹಿಡಿದುಕೊಂಡು ಕಿರುಚಿಕೊಂಡು ಏಳುತ್ತಾಳೆ. ನಾನು ಗಾಬರಿಯಿಂದ ಎದ್ದು ಲೈಟು ಹಾಕಿ, ನೀರು ತಂದು, ಫ್ಯಾನ್ ಹಾಕಿ, ಕೊನೆಗೆ ಏನು ಮಾಡಬೇಕು ಗೊತ್ತಾಗದೆ ನಿಂತುಕೊಂಡಿರುತ್ತೇನೆ.

ಕರಾವಳಿಕಾಕಿ
ನೀರು, ಫ್ಯಾನು ಬಿಡಿ. ಮಂಡಿ ನೇರ ಮಾಡಿಸಿ, ಪಾದದ ಬೆರಳುಗಳನ್ನು ಮೊಣಕಾಲಿನ ಕಡೆಗೆ ಮೆಲ್ಲಗೆ ಒತ್ತಿ ಹಿಡಿಯಿರಿ. ಅರ್ಧ ನಿಮಿಷದಲ್ಲಿ ಗಂಟು ಬಿಡುತ್ತದೆ. ಆಮೇಲೆ ಮೀನಖಂಡ ಉಜ್ಜಿ. ಮಲಗುವ ಮುಂಚೆ ಗೋಡೆಗೆ ಕೈ ಕೊಟ್ಟು ಹಿಮ್ಮಡಿ ನೆಲಕ್ಕೂರಿ ಎಳೆಯುವ ವ್ಯಾಯಾಮ ಮಾಡಿಸಿ.

ನಿವೃತ್ತಸಿಸ್ಟರ್
ಸರಿ. ಒಂದು ಸೇರಿಸುತ್ತೇನೆ. ಹಿಡಿದು ಬಿಡುವ ನೋವು ಬೇರೆ. ಒಂದೇ ಕಾಲು ಊದಿಕೊಂಡು, ಬಿಸಿಯಾಗಿ, ಕೆಂಪಾಗಿ, ನೋವು ಬಿಡದೇ ಇದ್ದರೆ ಉಜ್ಜಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ರಕ್ತ ಹೆಪ್ಪುಗಟ್ಟಿರಬಹುದು.

ಮಂಡ್ಯಮಗ
ನಿನ್ನೆ ರಾತ್ರಿ ಬೆರಳು ಒತ್ತಿದೆ. ಕೆಲಸ ಮಾಡಿತು. ಹೆಂಡತಿಯ ಕಣ್ಣಲ್ಲಿ ನನ್ನ ಬೆಲೆ ಸ್ವಲ್ಪ ಏರಿದೆ.

ಆರೋಹಿ92
ನನಗೆ 20 ವಾರ. ಎದ್ದು ನಿಲ್ಲುವಾಗ, ಸೀನುವಾಗ ತೊಡೆಸಂದಿನ ಹತ್ತಿರ ಚಳಕ್ ಅಂತ ಹಿಡಿಯುತ್ತದೆ. ಒಂದೆರಡು ಸೆಕೆಂಡು ಅಷ್ಟೇ. ಇದೇನು?

ಕಾಫಿಕಣಿವೆ
ಗರ್ಭಕೋಶವನ್ನು ಹಿಡಿದಿರುವ ಹಗ್ಗದಂಥ ಕಟ್ಟುಗಳು ಎಳೆಯುವುದಂತೆ. ನನಗೂ ಇತ್ತು. ಸೀನು ಬರುತ್ತದೆ ಅನಿಸಿದ ಕೂಡಲೇ ಸೊಂಟ ಬಗ್ಗಿಸುತ್ತಿದ್ದೆ. ಆಫೀಸಿನಲ್ಲಿ ಎಲ್ಲರೂ ನಾನು ನಮಸ್ಕಾರ ಮಾಡುತ್ತಿದ್ದೇನೆ ಅಂದುಕೊಳ್ಳುತ್ತಿದ್ದರು.

ನಿವೃತ್ತಸಿಸ್ಟರ್
ಒಂದೆರಡು ಸೆಕೆಂಡಿನದ್ದು ಆದರೆ ಸರಿ. ಬಿಟ್ಟು ಬಿಟ್ಟು, ಲೆಕ್ಕ ಹಿಡಿದ ಹಾಗೆ ಹೊಟ್ಟೆ ಗಟ್ಟಿಯಾಗುತ್ತಿದ್ದರೆ, ಸೊಂಟ ಹಿಡಿದರೆ, ಉರಿಮೂತ್ರ ಇದ್ದರೆ ಕಾಯಬೇಡಿ. ಉರಿಮೂತ್ರ ಅಂದಾಗ ಎಲ್ಲರೂ ಎಳನೀರು ಕುಡಿದು ಸುಮ್ಮನಾಗುತ್ತಾರೆ. 26 ವಾರದ ಒಬ್ಬ ಹುಡುಗಿ ಹಾಗೇ ಹತ್ತು ದಿನ ಎಳನೀರು ಕುಡಿದಳು. ಚಳಿಜ್ವರ ಬಂದು, ನೋವು ಶುರುವಾಗಿ, ನಾವು 108 ಕರೆಸಿ ಜಿಲ್ಲಾಸ್ಪತ್ರೆಗೆ ಕಳಿಸಬೇಕಾಯಿತು. ಸೋಂಕು ಮೂತ್ರಪಿಂಡಕ್ಕೆ ಏರಿತ್ತು. ಮೊದಲನೇ ದಿನ ಒಂದು ಮೂತ್ರ ಪರೀಕ್ಷೆ ಮಾಡಿಸಿದ್ದರೆ ಮಾತ್ರೆಯಲ್ಲೇ ಮುಗಿಯುತ್ತಿತ್ತು. ರಕ್ತ ಕಂಡರೆ, ನೀರು ಸೋರಿದರೆ, ಬಿಡದ ತಲೆನೋವು ಬಂದು ಕಣ್ಣು ಮಂಜಾದರೆ, ಮುಖ ಕೈ ದಿಢೀರ್ ಊದಿದರೆ, ಆಡುತ್ತಿದ್ದ ಮಗು ಆಡುವುದು ಕಡಿಮೆ ಮಾಡಿದರೆ ಯಾವ ಕಷಾಯವೂ ಬೇಡ, ನೇರ ಆಸ್ಪತ್ರೆ. ಅಂಗೈ ಅಂಗಾಲಿನಲ್ಲಿ ಮಾತ್ರ ವಿಪರೀತ ತುರಿಕೆ ಬಂದರೂ ಹೇಳಿ. ಅದು ಚರ್ಮದ್ದಲ್ಲದೆ ಯಕೃತ್ತಿನ ತೊಂದರೆಯೂ ಇರಬಹುದು.

ಬ್ರಿಸ್ಟಲ್‌ಬೆಳಗು
ಇಂಗ್ಲೆಂಡಿನಿಂದ ಬರೆಯುತ್ತಿದ್ದೇನೆ, ಮೂಲ ಧಾರವಾಡ. ಇಲ್ಲಿ ಸೂಲಗಿತ್ತಿಯರೇ, ಅಂದರೆ ಮಿಡ್‌ವೈಫ್‌ಗಳೇ ಬಹುಪಾಲು ನೋಡುವುದು. 20 ವಾರದ ಸ್ಕ್ಯಾನಿನಲ್ಲಿ ಗಂಡೋ ಹೆಣ್ಣೋ ಅಂತ ಸ್ಕ್ಯಾನ್ ಮಾಡುವವರೇ "ತಿಳಿಯಬೇಕಾ?" ಎಂದು ಕೇಳಿದರು. ನನಗೆ ಒಂದು ಕ್ಷಣ ಬಾಯಿ ಒಣಗಿತು. ನಮ್ಮೂರಲ್ಲಿ ಗೋಡೆ ಮೇಲೆ "ಲಿಂಗ ಪತ್ತೆ ಅಪರಾಧ" ಅಂತ ಬೋರ್ಡ್ ಓದಿ ಬೆಳೆದವಳಲ್ವಾ. ಬೇಡ ಅಂದೆ.

ಗೌರಿಪುತ್ರಿ
ಹೊಟ್ಟೆ ಮುಂದಕ್ಕೆ ಚೂಪಾಗಿದ್ದರೆ ಗಂಡು, ಅಗಲ ಇದ್ದರೆ ಹೆಣ್ಣು ಅಂತಾರಲ್ಲ?

ಹುಬ್ಬಳ್ಳಿಅವ್ವ
ನನ್ನ ಹೊಟ್ಟೆ ಚೂಪಿತ್ತು. ಇಬ್ಬರೂ ಹೆಣ್ಣುಮಕ್ಕಳು. ಒಬ್ಬಾಕಿ ಇಂಜಿನಿಯರ್, ಇನ್ನೊಬ್ಬಾಕಿ ನನ್ನ ಮಾತು ಕೇಳುವುದಿಲ್ಲ.

ಮೌನರಾಗ
ಸ್ಕ್ಯಾನ್ ಬಗ್ಗೆ ಒಂದು ಮಾತು. ಸಾಮಾನ್ಯವಾಗಿ ನಾನು ಇದನ್ನು ಹೇಳಿಕೊಳ್ಳುವುದಿಲ್ಲ.

ನನ್ನ ಅನಾಮಲಿ ಸ್ಕ್ಯಾನ್ 19ನೇ ವಾರಕ್ಕೆ ಬರೆದುಕೊಟ್ಟಿದ್ದರು. ಪದೇ ಪದೇ ಸ್ಕ್ಯಾನ್ ಮಾಡಿಸಿದರೆ ಮಗುವಿಗೆ ಕಿರಣ ತಾಗುತ್ತದೆ ಅಂತ ಮನೆಯಲ್ಲಿ ತಡೆದರು. ಅದು ಶಬ್ದದ ಅಲೆ, ಎಕ್ಸ್-ರೇ ಅಲ್ಲ ಅಂತ ಹೇಳುವಷ್ಟು ನನಗೂ ಆಗ ಗೊತ್ತಿರಲಿಲ್ಲ. ಕೊನೆಗೆ ಹೋದದ್ದು 23ನೇ ವಾರಕ್ಕೆ. ಸ್ಕ್ಯಾನ್ ಕೋಣೆ ತಣ್ಣಗಿತ್ತು. ಡಾಕ್ಟರು ತಲೆ, ಬೆನ್ನುಮೂಳೆ, ಕಿಡ್ನಿ ಅಂತ ಹೇಳುತ್ತಾ ಹೋದವರು ಹೃದಯಕ್ಕೆ ಬಂದಾಗ ಮಾತು ನಿಲ್ಲಿಸಿದರು. ಮೌಸ್ ಕ್ಲಿಕ್ ಶಬ್ದ ಮಾತ್ರ. ನನ್ನನ್ನು ಎಡಕ್ಕೆ, ಬಲಕ್ಕೆ ಮಲಗಿಸಿದರು. ಆಮೇಲೆ "ಜೊತೆಗೆ ಯಾರು ಬಂದಿದ್ದಾರೆ?" ಅಂದರು.

ಹೃದಯದಲ್ಲಿ ದೊಡ್ಡ ರಂಧ್ರ ಇತ್ತು. ಭ್ರೂಣದ ಎಕೋ, ಅಂದರೆ ಮಗುವಿನ ಹೃದಯದ ಸ್ಕ್ಯಾನ್, ಮಾಡಿಸಿದೆವು. ಹೆರಿಗೆ ಎಲ್ಲಿ ಆಗಬೇಕು, ಮಗುವಿಗೆ ಯಾವಾಗ ಆಪರೇಷನ್ ಅಂತ ಮೊದಲೇ ಗೊತ್ತಾಗಿದ್ದರಿಂದ ಮಗಳು ಉಳಿದಳು. ಈಗ ನಾಲ್ಕು ವರ್ಷ, ಸೋಫಾ ಮೇಲಿಂದ ಜಿಗಿಯುತ್ತಾಳೆ. ಆದರೆ ತಡ ಮಾಡಿದ ಆ ನಾಲ್ಕು ವಾರ ನನಗೆ ಇವತ್ತಿಗೂ ಚುಚ್ಚುತ್ತದೆ. ಇನ್ನೂ ದೊಡ್ಡ ತೊಂದರೆ ಇದ್ದಿದ್ದರೆ ಯೋಚಿಸಿ ತೀರ್ಮಾನ ತೆಗೆದುಕೊಳ್ಳಲು ಸಮಯವೇ ಇರುತ್ತಿರಲಿಲ್ಲ. 18ರಿಂದ 20 ವಾರದೊಳಗೆ ಅಂದರೆ ಅದಕ್ಕೊಂದು ಕಾರಣ ಇದೆ. ಮುಂದೂಡಬೇಡಿ.

ಮೊದಲಮಳೆ
ಹೇಳಿಕೊಂಡದ್ದಕ್ಕೆ ಥ್ಯಾಂಕ್ಸ್. ಓದಿ ಸುಮ್ಮನೆ ಕುಳಿತಿದ್ದೆ. ಮಂಗಳವಾರ ಖಂಡಿತ ಹೋಗುತ್ತೇನೆ.

ಕರಾವಳಿಕಾಕಿ
ಮೌನರಾಗ, ಮಗಳಿಗೆ ನನ್ನ ಮುದ್ದು.

ಅಂಗನವಾಡಿಟೀಚರ್
ಕೋಲಾರ ಕಡೆಯವಳು. ಇಲ್ಲಿ ಎಲ್ಲರೂ ಬೆಂಗಳೂರು ಸ್ಕ್ಯಾನು, ಕಾಫಿ ಅಂತ ಬರೆಯುತ್ತಿದ್ದೀರಿ. ನಮ್ಮ ಹಳ್ಳಿಯ ಬಸುರಿಯರಿಗೆ ಗೊತ್ತಿರಬೇಕಾದ್ದನ್ನು ನಾನು ಹೇಳುತ್ತೇನೆ. 2017ರ ಅಕ್ಟೋಬರ್‌ನಿಂದ ಮಾತೃಪೂರ್ಣ ಯೋಜನೆ ಇದೆ, ಅಂಗನವಾಡಿಯಲ್ಲಿ ಮಧ್ಯಾಹ್ನ ಬಿಸಿಯೂಟ, ಜೊತೆಗೆ ಹಾಲು, ಮೊಟ್ಟೆ ಅಥವಾ ಮೊಳಕೆ ಕಾಳು, ಚಿಕ್ಕಿ. ಐರನ್ ಮಾತ್ರೆ ನಮ್ಮ ಎದುರಿಗೇ ನುಂಗಿಸುತ್ತೇವೆ, ಅದಕ್ಕೇ ತುಳಸಿ ಕಟ್ಟೆಗೆ ಹೋಗುವುದಿಲ್ಲ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆ ಉಚಿತ, ನಾಲ್ಕನೇ ತಿಂಗಳಿಂದ ಮೇಲೆ. ಆಶಾ ಅಕ್ಕನ ಹತ್ತಿರ ತಾಯಿ ಕಾರ್ಡ್ ಮಾಡಿಸಿಕೊಳ್ಳಿ. ಮೊದಲ ಮಗುವಿಗೆ ಮಾತೃವಂದನಾ ಯೋಜನೆಯಲ್ಲಿ 5,000 ರೂಪಾಯಿಯೂ ಬರುತ್ತದೆ.

ಕಷ್ಟ ಇಲ್ಲ ಅಂತಲ್ಲ. ದೂರದ ತೋಟದ ಮನೆಯಿಂದ ಬಿಸಿಲಲ್ಲಿ ಒಂದೂವರೆ ಕಿಲೋಮೀಟರು ನಡೆದು ಬಂದು ಉಣ್ಣಬೇಕು ಅಂದರೆ ಏಳನೇ ತಿಂಗಳಿನವಳು ಬರುತ್ತಾಳಾ? ಕೂಲಿ ಬಿಟ್ಟು ಬರುತ್ತಾಳಾ? ಮೇಲೆ ಕೂತು ಯೋಜನೆ ಮಾಡುವವರು ಒಂದು ಸಲ ಆ ದಾರಿ ನಡೆಯಬೇಕು.

ಅಕ್ಕಿಕಳ್ಳಿ
ನನ್ನ ಹೆಸರು ನೋಡಿ ನಗಬೇಡಿ. ಐದನೇ ತಿಂಗಳಲ್ಲಿ ಹಸಿ ಅಕ್ಕಿ ತಿನ್ನುವ ಚಟ ಹತ್ತಿತು. ಮೊದಲು ಎರಡು ಕಾಳು, ಆಮೇಲೆ ಹಿಡಿ ಹಿಡಿ. ಆಫೀಸಿಗೆ ಬ್ಯಾಗಿನಲ್ಲಿ ಸಣ್ಣ ಡಬ್ಬಿ. ಬಯಕೆ ಅಂತ ಎಲ್ಲರೂ ನಕ್ಕರು, ಅಮ್ಮ ಸೋನಾ ಮಸೂರಿ ಕಳಿಸಿದರು. ಡಾಕ್ಟರು ನಗಲಿಲ್ಲ. ಪರೀಕ್ಷೆ ಮಾಡಿದರೆ ಹಿಮೋಗ್ಲೋಬಿನ್ 8.2. ಮಣ್ಣು, ಸೀಮೆಸುಣ್ಣ, ಐಸ್, ಹಸಿ ಅಕ್ಕಿ ತಿನ್ನಬೇಕು ಅನಿಸುವುದು ಕಬ್ಬಿಣದ ಕೊರತೆಯ ಗುರುತು ಇರಬಹುದಂತೆ. ಜಂತುಹುಳಕ್ಕೆ ಒಂದು ಮಾತ್ರೆ, ಆಮೇಲೆ ಡ್ರಿಪ್‌ನಲ್ಲಿ ಐರನ್ ಕೊಟ್ಟರು. ಮೂರು ವಾರದಲ್ಲಿ ಅಕ್ಕಿಯ ಆಸೆ ತಾನಾಗಿಯೇ ಹೋಯಿತು. ಡಬ್ಬಿ ಈಗಲೂ ಇದೆ, ಸಾಸಿವೆ ಹಾಕಿಟ್ಟಿದ್ದೇನೆ.

ಮಂಡ್ಯಮಗ
ಇದು ನನ್ನ ಹೆಂಡತಿಗೆ ತೋರಿಸಿದೆ. ಅವಳು ಫ್ರೀಜರ್‌ನ ಐಸ್ ಟ್ರೇ ಕಡೆ ನೋಡಿದಳು. ಸೋಮವಾರ ರಕ್ತ ಪರೀಕ್ಷೆ.

ಸಿಹಿಕಹಿ
ಯಾರೂ ಶುಗರ್ ಬಗ್ಗೆ ಹೇಳಲಿಲ್ಲವಲ್ಲ. 24ರಿಂದ 28 ವಾರದೊಳಗೆ ಗ್ಲೂಕೋಸ್ ಪರೀಕ್ಷೆ ಮಾಡುತ್ತಾರೆ. 75 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕಲಸಿ ಕೊಡುತ್ತಾರೆ, ಎರಡು ಗಂಟೆ ಬಿಟ್ಟು ರಕ್ತ ತೆಗೆಯುತ್ತಾರೆ. 140 ಅಥವಾ ಜಾಸ್ತಿ ಬಂದರೆ ಗರ್ಭಿಣಿಯ ಸಕ್ಕರೆ ಕಾಯಿಲೆ. ನನಗೆ 171 ಬಂತು. ನಾನು ಸಪೂರ, ಮನೆಯಲ್ಲಿ ಯಾರಿಗೂ ಶುಗರ್ ಇಲ್ಲ. ನಂಬಲೇ ಇಲ್ಲ.

ಮತ್ತೆ ಈ "ರಾಗಿ ತಿನ್ನಿ, ರಾಗಿ ತಿನ್ನಿ" ಅನ್ನುವವರಿಗೆ. ರಾಗಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ, ನಿಜ. ಆದರೆ ಬೆಲ್ಲ ಹಾಕಿದ ರಾಗಿ ಗಂಜಿ ಕುಡಿದರೆ ನನ್ನ ಮೀಟರ್ ನೇರ ಮೇಲಕ್ಕೆ. ಕ್ರಿಕೆಟ್ ಬಾಲ್ ಗಾತ್ರದ ಎರಡು ಮುದ್ದೆ ತಿಂದರೂ ಮೇಲಕ್ಕೆ. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಮುದ್ದೆ ಒಂದು, ಅದಕ್ಕೆ ಸೊಪ್ಪು ಕಾಳಿನ ಬಸ್ಸಾರು ಜಾಸ್ತಿ, ಒಂದು ಮೊಟ್ಟೆ, ಊಟ ಆಗಿ ಹದಿನೈದು ನಿಮಿಷ ನಡಿಗೆ. ಅಷ್ಟರಲ್ಲೇ ಹಿಡಿತಕ್ಕೆ ಬಂತು, ಇನ್ಸುಲಿನ್ ಬೇಕಾಗಲಿಲ್ಲ. ಬೇಕಾದವರು ಹೆದರಬೇಡಿ, ನನ್ನ ಅಕ್ಕಪಕ್ಕ ಕೂತವರಲ್ಲಿ ಎಷ್ಟೋ ಜನ ತಗೊಳ್ಳುತ್ತಿದ್ದರು.

ನೇರಮಾತು
ರಾಗಿಗೂ ಬೈದಿರಾ! ಇನ್ನು ಉಳಿದದ್ದೇನು?

ಬಸ್ಸಾರುಪ್ರಿಯೆ
ಬಸ್ಸಾರು ಉಳಿದಿದೆ. ನನ್ನ ಹೆಸರಿಗೆ ನ್ಯಾಯ ಸಿಕ್ಕಿತು.

ಬ್ರಿಸ್ಟಲ್‌ಬೆಳಗು
ಇಲ್ಲಿ ಈ ಪರೀಕ್ಷೆ ಎಲ್ಲರಿಗೂ ಮಾಡುವುದಿಲ್ಲ. ಆದರೆ ನಾವು ದಕ್ಷಿಣ ಏಷ್ಯಾದವರು ಅಂದ ಕೂಡಲೇ ಕರೆಯುತ್ತಾರೆ. ನಮ್ಮ ಮೈಕಟ್ಟಿಗೆ ಶುಗರ್ ಬರುವ ಸಾಧ್ಯತೆ ಜಾಸ್ತಿ ಅಂತ. ಸಪೂರ ಇದ್ದೇನೆ ಅಂತ ಬಿಡಬೇಡಿ.

ಆರೋಹಿ92
ಆ ನೀರು ಕುಡಿದು ವಾಂತಿ ಆದರೆ?

ಸಿಹಿಕಹಿ
ಅರ್ಧ ಗಂಟೆಯೊಳಗೆ ಆದರೆ ಇನ್ನೊಂದು ದಿನ ಮತ್ತೆ ಮಾಡುತ್ತಾರೆ. ಗುಟುಕು ಗುಟುಕಾಗಿ ಕುಡಿಯಿರಿ, ಆದರೆ ಐದು ಹತ್ತು ನಿಮಿಷದಲ್ಲಿ ಮುಗಿಸಿ. ಒಂದು ಪುಸ್ತಕ ತಗೊಂಡು ಹೋಗಿ. ನಾನು ಹೋದ ಲ್ಯಾಬಿನಲ್ಲಿ ಎರಡು ಗಂಟೆ ಅಂದರೆ ಮೂರು ಗಂಟೆ ಕೂರಿಸಿದರು. ರಕ್ತ ತೆಗೆಯುವ ಹುಡುಗ ತಿಂಡಿಗೆ ಹೋಗಿದ್ದ. ಎರಡು ಗಂಟೆ ಆದ ಕೂಡಲೇ ನೀವೇ ಎದ್ದು ಕೇಳಿ.

ಶಿರಸಿಸೊಸೆ
ಮದುವೆಗೆ ನಮ್ಮೂರಿಗೆ ಬರುತ್ತಿದ್ದೀರಾ! ನಾನು 24 ವಾರದಲ್ಲಿ ಬೆಂಗಳೂರಿಗೆ ಹೋಗಿ ಬಂದಿದ್ದೆ. ಸ್ಕ್ಯಾನ್ ಸರಿ ಇದ್ದು, ರಕ್ತ ಗಿಕ್ತ ಏನೂ ಕಾಣಿಸಿಲ್ಲ ಅಂದರೆ, ಡಾಕ್ಟರು ಹೂಂ ಅಂದರೆ, ಪ್ರಯಾಣಕ್ಕೆ ಇದೇ ಒಳ್ಳೆಯ ಕಾಲ. ರಾತ್ರಿ ರೈಲಿನಲ್ಲಿ ಹಾವೇರಿ, ಕೆಳಗಿನ ಬರ್ತು, ಅಲ್ಲಿಂದ ಕಾರು. ರೈಲಿನಲ್ಲಿ ಶೌಚಾಲಯ ಇದೆ ಅನ್ನುವುದೇ ದೊಡ್ಡ ಅನುಕೂಲ. ಕಾರಿನಲ್ಲೇ ಬರುವುದಾದರೆ ಎರಡು ಗಂಟೆಗೊಮ್ಮೆ ಇಳಿದು ನಡೆಯಿರಿ. ಸೀಟ್ ಬೆಲ್ಟ್ ಹಾಕಿಕೊಳ್ಳಿ, ಕೆಳಗಿನ ಪಟ್ಟಿ ಹೊಟ್ಟೆಯ ಕೆಳಗೆ ತೊಡೆ ಮೇಲೆ ಬರಬೇಕು, ಹೊಟ್ಟೆ ಮೇಲೆ ಅಲ್ಲ. ಫೈಲು, ತಾಯಿ ಕಾರ್ಡ್ ಕೈಚೀಲದಲ್ಲೇ ಇರಲಿ.

ಊಟಕ್ಕೆ ಅಪ್ಪೆಹುಳಿ ಇರುತ್ತದೆ. ಎರಡು ಲೋಟ ಕುಡಿದು ರಾತ್ರಿ ಎದೆಯುರಿ ಅಂತ ನಮ್ಮೂರನ್ನು ಬೈಯಬೇಡಿ.

ಗೌರಿಪುತ್ರಿ
ಮದುವೆಯಲ್ಲಿ ಪಪ್ಪಾಯಿ, ಅನಾನಸ್ ಕೊಟ್ಟರೆ?

ಕರಾವಳಿಕಾಕಿ
ಚೆನ್ನಾಗಿ ಹಣ್ಣಾದ ಪಪ್ಪಾಯಿ ಒಂದೆರಡು ಹೋಳಿಗೆ ಏನೂ ಆಗುವುದಿಲ್ಲ. ಹಾಲು ಸುರಿಯುವ ಕಾಯಿ ಪಪ್ಪಾಯಿ ಬೇಡ. ಅನಾನಸ್ ಗೊಜ್ಜು ಬಿಟ್ಟರೆ ನಮ್ಮ ಕಡೆ ಮದುವೆಯೇ ಇಲ್ಲ, ನಾನು ತಿಂದಿದ್ದೇನೆ. ಆದರೆ ಅತ್ತೆ ಎದುರಿಗೆ ತಿಂದು ಜಗಳ ಮಾಡಿಕೊಳ್ಳುವಷ್ಟು ರುಚಿಯೇನಲ್ಲ ಬಿಡಿ.

ಹುಬ್ಬಳ್ಳಿಅವ್ವ
ಕುಬಸ ಯಾವಾಗ ಇಟ್ಟುಕೊಂಡಿದ್ದೀರಿ? ನಮ್ಮ ಕಡೆ ಐದಕ್ಕೋ ಏಳಕ್ಕೋ ಮಾಡುತ್ತಾರೆ. ಹಸಿರು ಸೀರೆ, ಹಸಿರು ಬಳೆ. ಒಂದು ಮಾತು ಹೇಳುತ್ತೇನೆ, ಜಂಪರ್ ಈಗಲೇ ಹೊಲಿಸಬೇಡ. ನನ್ನ ಮಗಳು ಐದರಲ್ಲಿ ಅಳತೆ ಕೊಟ್ಟು ಏಳರಲ್ಲಿ ತೊಡಲು ಹೋದಳು, ಹುಕ್ಕು ಒಂದೂ ಸೇರಲಿಲ್ಲ. ಸೆರಗು ಹೊದ್ದು ಫೋಟೋ ತೆಗೆಸಿದೆವು.

ಮಂಡ್ಯಮಗ
ನಮ್ಮಲ್ಲಿ ಸೀಮಂತ ಅಂತಾರೆ. ಅವತ್ತು ಗಂಡನಿಗೆ ಏನು ಕೆಲಸ?

ಹುಬ್ಬಳ್ಳಿಅವ್ವ
ಕುರ್ಚಿ ಹಾಕುವುದು.

ಮೊದಲಮಳೆ
ಸ್ಕ್ಯಾನ್ ಮುಗಿಸಿ ಬಂದೆ! ಎಲ್ಲರೂ ಕೇಳುತ್ತಿದ್ದೀರಿ, ಅದಕ್ಕೆ ಆಟೋದಲ್ಲೇ ಬರೆಯುತ್ತಿದ್ದೇನೆ.

ಎಲ್ಲ ಸರಿ ಇದೆ. ಹೃದಯದ ನಾಲ್ಕು ಕೋಣೆ ತೋರಿಸಿದರು. ಮೌನರಾಗ, ಆಗ ನಿಮ್ಮ ನೆನಪಾಯಿತು. ಮಾಸು, ಅಂದರೆ ಪ್ಲಾಸೆಂಟಾ, ಮುಂಭಾಗದಲ್ಲಿ ಇದೆಯಂತೆ. ಹೊಟ್ಟೆಗೂ ಮಗುವಿಗೂ ನಡುವೆ ದಿಂಬು ಇಟ್ಟ ಹಾಗೆ. ಅದಕ್ಕೇ ಒದೆತ ನನಗೆ ಇನ್ನೂ ತಲುಪಿಲ್ಲ. ಪರದೆ ಮೇಲೆ ಆ ಮನುಷ್ಯ ಎರಡೂ ಕಾಲು ಆಡಿಸುತ್ತಿದೆ, ನನಗೆ ಮಾತ್ರ ಒಂದು ಸುದ್ದಿಯೂ ಇಲ್ಲ. ಮಾಸು ಸ್ವಲ್ಪ ಕೆಳಗೂ ಇದೆ, 32 ವಾರಕ್ಕೆ ಮತ್ತೆ ನೋಡೋಣ ಅಂದರು. ಹೆದರಬೇಕಾ?

ನಿವೃತ್ತಸಿಸ್ಟರ್
ಗರ್ಭಕೋಶ ಬೆಳೆದ ಹಾಗೆ ಬಹುಪಾಲು ಮೇಲಕ್ಕೆ ಸರಿಯುತ್ತದೆ. ರಕ್ತ ಕಂಡರೆ ಮಾತ್ರ ಒಂದು ನಿಮಿಷವೂ ಕಾಯಬೇಡಿ. ಶಿರಸಿ ಪ್ರಯಾಣದ ಬಗ್ಗೆ ಈಗ ಡಾಕ್ಟರನ್ನು ಮತ್ತೊಮ್ಮೆ ಕೇಳಿ, ಮಾಸು ಎಷ್ಟು ಕೆಳಗಿದೆ ಅನ್ನುವುದರ ಮೇಲೆ ಹೋಗುತ್ತದೆ. ನಾನು ಇಲ್ಲಿ ಕೂತು ಹೂಂ ಅನ್ನುವುದಿಲ್ಲ.

ಶಿರಸಿಸೊಸೆ
ನನ್ನ ಮಾತು ವಾಪಸ್. ಸಿಸ್ಟರ್ ಹೇಳಿದ ಹಾಗೆ ಮಾಡಿ. ಮದುವೆ ವಿಡಿಯೋದಲ್ಲಿ ನೋಡಿದರಾಯಿತು.

ಅಕ್ಕಿಕಳ್ಳಿ
ಮಾತ್ರೆ ಡಬ್ಬಿ ಸಿಕ್ಕಿತಾ?

ಮೊದಲಮಳೆ
ಸಿಕ್ಕಿತು. ಅತ್ತೆಯೂ ಸ್ಕ್ಯಾನಿಗೆ ಬಂದಿದ್ದರು. ಡಾಕ್ಟರು ಅವರನ್ನೇ ಕೂರಿಸಿಕೊಂಡು ಹಿಮೋಗ್ಲೋಬಿನ್ 10.1 ಇದೆ, ಹೆರಿಗೆಯಲ್ಲಿ ರಕ್ತ ಹೋದರೆ ತಡೆಯುವ ಶಕ್ತಿ ಇರಬೇಕಲ್ಲಮ್ಮಾ ಅಂದರು. ಅತ್ತೆ ಏನೂ ಮಾತಾಡಲಿಲ್ಲ. ಮನೆಗೆ ಬಂದ ಮೇಲೆ ಡಬ್ಬಿ ದೇವರ ಮನೆಯಿಂದ ಹೊರಗೆ ಬಂತು, ಕುಂಕುಮದ ಬಟ್ಟಲಿನ ಹಿಂದೆ ಇತ್ತಂತೆ. ಬಣ್ಣದ ವಿಷಯ ಇನ್ನೂ ಒಪ್ಪಿಲ್ಲ. "ತಿನ್ನು, ಆದರೆ ಕೇಸರಿ ಹಾಲೂ ಕುಡಿ" ಅಂದಿದ್ದಾರೆ.

ನಿವೃತ್ತಸಿಸ್ಟರ್
ಕುಡಿಯಿರಿ. ಮಾತ್ರೆ ನುಂಗಿ ಎರಡು ಗಂಟೆ ಬಿಟ್ಟು.

ಗೌರಿಪುತ್ರಿ
ನಮ್ಮ ಚಿಕ್ಕಮ್ಮನ ಕೇಸರಿ ಡಬ್ಬಿ ಅರ್ಧ ರೇಟಿಗೆ ಇದೆ, ಬೇಕಾ?